ಬ್ಲೂಮರ್ ಅನ್ನೋ ಹೆಸರು ಎಲ್ಲಿಂದ ಬಂತು?

ಹಾಸನದ ಅಮ್ಮ:
ಮಗಳು ಈ ವರ್ಷ ಒಂದನೇ ಕ್ಲಾಸು. ಯೂನಿಫಾರ್ಮ್ ತರೋಕೆ ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋಗಿದ್ದೆವು. ಅಂಗಡಿಯವರು ಸ್ಕರ್ಟ್ ಜೊತೆ ನೀಲಿ ಬಣ್ಣದ ದೊಗಳೆ ಚಡ್ಡಿ ಇಟ್ಟು "ಬ್ಲೂಮರೂ ಬೇಕಲ್ವಾ ಮೇಡಂ?" ಅಂದರು. ಸೊಂಟಕ್ಕೂ ತೊಡೆಗೂ ಎಲಾಸ್ಟಿಕ್, ನಡುವೆ ಬಟ್ಟೆ ನೆರಿಗೆ ನೆರಿಗೆ. ಚಿಕ್ಕವಳಿದ್ದಾಗ ನಾನೂ ಹಾಕಿದ್ದೇನೆ, ಆದರೆ ಹೆಸರು ಯಾಕೆ ಹಾಗೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಮಗಳು ಮನೆ ಸೇರುವವರೆಗೂ ಅದನ್ನೇ ಕೇಳಿದಳು. ನೀಲಿ ಇರೋದಕ್ಕೇ ಬ್ಲೂಮರ್ ಅಂತ ಈಗ ಅವಳೇ ತೀರ್ಮಾನ ಮಾಡಿದ್ದಾಳೆ. ಗೊತ್ತಿದ್ದವರು ಹೇಳಿ.

ಚಿಕ್ಕಮಗಳೂರು ಟೀಚರ್:
ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ಅದು ಒಬ್ಬ ಹೆಂಗಸಿನ ಹೆಸರು. ಅಮೆಲಿಯಾ ಬ್ಲೂಮರ್. ಅಮೆರಿಕದ ಸೆನೆಕಾ ಫಾಲ್ಸ್‌ನಲ್ಲಿ 1849ರಲ್ಲಿ 'ದ ಲಿಲಿ' ಅಂತ ಹೆಂಗಸರ ಪತ್ರಿಕೆ ಶುರು ಮಾಡಿದವರು. ಆಗ ಅಲ್ಲಿನ ಹೆಂಗಸರದು ನೆಲ ಗುಡಿಸುವಷ್ಟು ಉದ್ದದ ಗೌನು, ಒಳಗೆ ಪದರ ಪದರ ಒಳಲಂಗ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ದೀಪ ಇದ್ದರೆ ಮೆಟ್ಟಿಲು ಹತ್ತೋದು ಹೇಗೆ ಹೇಳಿ! 1851ರಲ್ಲಿ ಎಲಿಜಬೆತ್ ಸ್ಮಿತ್ ಮಿಲ್ಲರ್ ಅನ್ನುವವರು ಮೊಣಕಾಲಿನ ಕೆಳಗಿನವರೆಗೆ ಬರುವ ಲಂಗ, ಅದರಡಿ ಟರ್ಕಿ ಹೆಂಗಸರ ಥರ ದೊಗಳೆ ಪೈಜಾಮ ಹಾಕಿಕೊಂಡು ಆ ಊರಿಗೆ ಬಂದರು. ಅಮೆಲಿಯಾ ತಾವೂ ಹಾಕಿದರು, ಪತ್ರಿಕೆಯಲ್ಲಿ ಬರೆದರು. ಹೇಗೆ ಹೊಲಿಯೋದು ಅಂತ ಕೇಳಿ ರಾಶಿ ರಾಶಿ ಕಾಗದ ಬಂದವು. ಬೇರೆ ಪತ್ರಿಕೆಗಳು ಆ ಉಡುಪಿಗೆ ಅವರ ಹೆಸರನ್ನೇ ಅಂಟಿಸಿಬಿಟ್ಟವು. ಮೊದಲು ಹಾಕಿದ ಮಿಲ್ಲರ್ ಹೆಸರು ಯಾರಿಗೂ ನೆನಪಿಲ್ಲ, ನನಗೆ ಅದೇ ಬೇಜಾರು.

ಹಾಸನದ ಅಮ್ಮ:
ಹಾಗಾದರೆ ಅದು ಒಳಉಡುಪೇ ಅಲ್ಲ, ಅಲ್ವಾ?

ಚಿಕ್ಕಮಗಳೂರು ಟೀಚರ್:
ಮೊದಲು ಅಲ್ಲ. 1890ರ ದಶಕದಲ್ಲಿ ಹೆಂಗಸರು ಸೈಕಲ್ ತುಳಿಯೋಕೆ ಹಾಕುತ್ತಿದ್ದ ಮೊಣಕಾಲುದ್ದದ ದೊಗಳೆ ಚಡ್ಡಿಗೂ ಇದೇ ಹೆಸರಿತ್ತು. ಆಮೇಲೆ ಅದೇ ಆಕಾರದ ಒಳಚಡ್ಡಿಗೂ ಬಂತು.

ಬೇಲೂರು ಟೈಲರ್:
ನಿಕ್ಕರ್ ಕಥೆಯೂ ಹೀಗೇ. ನಮ್ಮಲ್ಲಿ ಹುಡುಗರ ಖಾಕಿ ಚಡ್ಡಿಗೆ ನಿಕ್ಕರ್ ಅಂತೀವಿ, ಇಂಗ್ಲೆಂಡಿನಲ್ಲಿ ಅದೇ ಮಾತಿಗೆ ಹೆಂಗಸರ ಒಳಚಡ್ಡಿ ಅಂತ ಅರ್ಥ. ಮೂಲ ನಿಕ್ಕರ್‌ಬಾಕರ್, ಅಂದರೆ ಮೊಣಕಾಲ ಹತ್ತಿರ ಬಿಗಿಯುವ ದೊಗಳೆ ಚಡ್ಡಿ. ಬ್ಲೂಮರ್ ನಾನೂ ಹೊಲಿಯುತ್ತೇನೆ. ನಮ್ಮ ಅತ್ತೆ ಸೊಂಟಕ್ಕೆ ಲಾಡಿ ಹಾಕುತ್ತಿದ್ದರು, ಎಲಾಸ್ಟಿಕ್ ಸಡಿಲಾದರೆ ಮಕ್ಕಳು ಓಡೋಕೆ ಪರದಾಡ್ತಾರೆ ಅಂತ.

ಹಾಸನದ ಅಮ್ಮ:
ಮಗಳಿಗೆ ಎಲ್ಲ ಓದಿ ಹೇಳಿದೆ. ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಿದ್ದ ನಮ್ಮ ಅಜ್ಜಿ, "ಲಂಗದ ಕೆಳಗೆ ದೊಗಳೆ ಪೈಜಾಮ ಅಂದ್ರೆ ಚೂಡಿದಾರ ಅಲ್ವೇನೇ ಅದು?" ಅಂದರು.