ಫ್ರೋಜನ್ ಸೆಪ್ಟೆಂಬರ್ 8ಕ್ಕೆ ಮುಗಿಯುತ್ತಿದೆ: ಅಜ್ಜ, ಅಜ್ಜಿ, ಐದು ವರ್ಷದ ಮಗಳ ಜೊತೆ ಹೋಗಬಹುದಾ?

ಕೇಳಿದವರು: ರೆಡಿಂಗ್‌ನ ಅಮ್ಮ (ಜುಲೈ 2024)

ಲಂಡನ್ನಿನ ಡ್ರೂರಿ ಲೇನ್ ಥಿಯೇಟರ್ ರಾಯಲ್‌ನಲ್ಲಿ ನಡೆಯುತ್ತಿರುವ ಡಿಸ್ನಿಯ ಫ್ರೋಜನ್ ಮ್ಯೂಸಿಕಲ್ (ಅದೇ ಹೆಸರಿನ ಕಾರ್ಟೂನು ಸಿನಿಮಾದ ಹಾಡು ಕುಣಿತದ ನಾಟಕ) ಸೆಪ್ಟೆಂಬರ್ 8ಕ್ಕೆ ಕೊನೆ. ಮಗಳಿಗೆ ಐದು ವರ್ಷ, ಸಿನಿಮಾ ಪೂರ್ತಿ ಬಾಯಿಪಾಠ. ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದಾರೆ, ಆಗಸ್ಟ್ ಕೊನೆಗೆ ವಾಪಸ್ ಹೋಗುತ್ತಾರೆ. ಅಪ್ಪನಿಗೆ ಮಂಡಿ ನೋವು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಐದು ಜನಕ್ಕೆ ಒಳ್ಳೆಯ ಸೀಟು ಅಂದರೆ ತಲೆ ತಿರುಗುವಷ್ಟು ದುಡ್ಡು. ಅಷ್ಟು ಕೊಟ್ಟು ನೋಡುವಂಥದ್ದಾ? ಎಲ್ಲಿ ಕೂರಬೇಕು? ಮುಗಿಯುವ ಹೊತ್ತಿಗೆ ಬೆಲೆ ಇಳಿಯುತ್ತದೆ, ಕಾಯಿರಿ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ನಿಜವಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಸ್ಲೌ, ಎರಡು ಮಕ್ಕಳ ತಾಯಿ

ಹೋಗಿ. ಕಣ್ಣು ಮುಚ್ಚಿಕೊಂಡು ಹೋಗಿ ಅಂತ ಹೇಳುವುದಿಲ್ಲ, ಒಂದಷ್ಟು ತಿಳಿದುಕೊಂಡು ಹೋಗಿ.

ಆಟ ಒಟ್ಟು ಎರಡೂಕಾಲು ಗಂಟೆ, ಮಧ್ಯದ ವಿರಾಮ ಸೇರಿ. ಮೂರು ವರ್ಷದ ಕೆಳಗಿನ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಆರು ದಾಟಿದವರಿಗೆ ಸರಿ ಅಂತ ಅವರೇ ಹೇಳುತ್ತಾರೆ. ನಮ್ಮ ಚಿಕ್ಕವನಿಗೆ ಆಗ ಐದು ತುಂಬಿರಲಿಲ್ಲ, ಆದರೂ ಕೂತ. ಮೊದಲ ಅಂಕದ ಮಧ್ಯದಲ್ಲಿ ಸ್ವಲ್ಪ ಒದ್ದಾಡಿದ. ಕತೆಯ ಅಕ್ಕ ತಂಗಿ ಎಲ್ಸಾ ಮತ್ತು ಆನಾ ದೊಡ್ಡವರಾದ ಮೇಲೆ ಪಟ್ಟಾಭಿಷೇಕದವರೆಗೆ ಮಾತು, ಹಾಡು ಜಾಸ್ತಿ, ಮಂಜು ಕಡಿಮೆ. ಅಲ್ಲಿ ಮಡಿಲಿಗೆ ಕರೆದುಕೊಳ್ಳಬೇಕಾಗಬಹುದು. ಸಂಜೆಯ ಆಟಕ್ಕಿಂತ ಮಧ್ಯಾಹ್ನದ್ದು ತೆಗೆದುಕೊಳ್ಳಿ. ಸಂಜೆಯದ್ದು ಮುಗಿಯುವಾಗ ಒಂಬತ್ತು ದಾಟಿರುತ್ತದೆ. ನೀವು ರೆಡಿಂಗ್ ಮುಟ್ಟುವಾಗ ಮಗು ಹೆಗಲ ಮೇಲೆ ಸೊಪ್ಪು.

ಎಲ್ಸಾಳ ಹೆಸರಾದ ಹಾಡು ‘ಲೆಟ್ ಇಟ್ ಗೋ’ ಮೊದಲ ಅಂಕದ ಕೊನೆಯಲ್ಲಿ ಬರುತ್ತದೆ, ಅದಾದ ತಕ್ಷಣ ಪರದೆ. ಇದನ್ನು ಮಗಳಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಅಲ್ಲಿಯವರೆಗೂ ‘ಈಗ ಬರುತ್ತಾ, ಈಗ ಬರುತ್ತಾ’ ಅಂತ ತಲೆ ತಿನ್ನುತ್ತಾಳೆ. ಆ ಹಾಡಿನಲ್ಲಿ ಎಲ್ಸಾಳ ಉಡುಪು ಕಣ್ಣೆದುರೇ ಬದಲಾಗುತ್ತದೆ. ರೆಪ್ಪೆ ಹೊಡೆಯುವಷ್ಟರಲ್ಲಿ ದಪ್ಪ ಗೌನು ಹೋಗಿ ಹೊಳೆಯುವ ಬಿಳಿ ಉಡುಪು. ನಮ್ಮ ಸುತ್ತ ಇದ್ದ ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು, ಜೊತೆಗೆ ನನ್ನ ಗಂಡನೂ.

ಗುಡುಗು, ಮಿಂಚಿನಂಥ ಬೆಳಕು, ಹೊಗೆ ಇವೆಲ್ಲ ಇವೆ. ಶಬ್ದಕ್ಕೆ ಹೆದರುವ ಮಗುವಾದರೆ ಕಿವಿ ಮುಚ್ಚುವ ಹೆಡ್‌ಫೋನ್ ಇಟ್ಟುಕೊಳ್ಳಿ. ರಾಜ, ರಾಣಿ ಸಾಯುವುದು ಸಿನಿಮಾದಂತೆಯೇ ಬೇಗ ಬಂದು ಹೋಗುತ್ತದೆ.

ಹೌನ್‌ಸ್ಲೋ

ತೀರಾ ಮೇಲಿರುವ ಬಾಲ್ಕನಿ ಬೇಡ. ಮಂಡಿ ನೋವಿದ್ದವರಿಗಂತೂ ಬೇಡವೇ ಬೇಡ.

ಮಿಲ್ಟನ್ ಕೀನ್ಸ್, ನಾಟಕದ ಹುಚ್ಚು ಇರುವವನು

ಸೀಟಿನ ವಿಚಾರ ನಾನು ಹೇಳುತ್ತೇನೆ. ಈ ಥಿಯೇಟರ್‌ನಲ್ಲಿ ನಾಲ್ಕು ಹಂತ: ಕೆಳಗೆ ಸ್ಟಾಲ್ಸ್, ಅದರ ಮೇಲೆ ರಾಯಲ್ ಸರ್ಕಲ್, ಆಮೇಲೆ ಗ್ರ್ಯಾಂಡ್ ಸರ್ಕಲ್, ತುದಿಯಲ್ಲಿ ಬಾಲ್ಕನಿ. ಐದು ವರ್ಷದ ಮಗುವಿಗೆ ಸ್ಟಾಲ್ಸ್ ಅಂದರೆ ಮುಂದಿನವರ ತಲೆಯ ಲಾಟರಿ. ಬೂಸ್ಟರ್ ಕುಶನ್ ಕೊಡುತ್ತಾರೆ, ಅದರಿಂದ ಸ್ವಲ್ಪ ಸಹಾಯ ಆಗುತ್ತದೆ ಅಷ್ಟೆ. ಸ್ಟಾಲ್ಸ್‌ನ ತೀರಾ ಹಿಂದೆ ಕೂತರೆ ಮೇಲಿನ ಅಂತಸ್ತು ಅಡ್ಡ ಬಂದು ರಂಗದ ಮೇಲ್ಭಾಗ ಕಾಣುವುದಿಲ್ಲ. ಈ ನಾಟಕದಲ್ಲಿ ಆಕಾಶದ ಬಣ್ಣ, ಮಂಜಿನ ಅರಮನೆ ಎಲ್ಲ ಎತ್ತರಕ್ಕೇ ಹರಡಿಕೊಂಡಿರುವುದರಿಂದ ಅದು ದೊಡ್ಡ ನಷ್ಟ. ನನ್ನ ಓಟು ರಾಯಲ್ ಸರ್ಕಲ್‌ನ ಮಧ್ಯಕ್ಕೆ. ದುಬಾರಿ ಅನ್ನಿಸಿದರೆ ಗ್ರ್ಯಾಂಡ್ ಸರ್ಕಲ್‌ನ ಮುಂದಿನ ಸಾಲುಗಳು. ಬದಿಯ ಸೀಟು ಅಗ್ಗ ಅಂತ ಹೋಗಬೇಡಿ, ಮಗುವಿಗೆ ಅರ್ಧ ರಂಗವೇ ಕಾಣುವುದು.

ಬೆಲೆ ಇಳಿಯುತ್ತದಾ ಅಂತ ಕೇಳಿದ್ದೀರಿ. ಮುಗಿಯುವ ದಿನ ಗೊತ್ತಾದ ದೊಡ್ಡ ನಾಟಕಕ್ಕೆ ಕೊನೆಯ ವಾರಗಳಲ್ಲಿ ಜನ ಜಾಸ್ತಿಯೇ ಆಗುತ್ತಾರೆ. ‘ನಾಳೆ ನೋಡೋಣ’ ಅಂತ ಮೂರು ವರ್ಷ ಕೂತವರೆಲ್ಲ ಈಗ ಏಳುತ್ತಾರೆ. ಮತ್ತೆ ಮತ್ತೆ ನೋಡಿದ ಅಭಿಮಾನಿಗಳು ಕೊನೆಯ ವಾರಾಂತ್ಯಕ್ಕೆ ಮುಗಿಬೀಳುತ್ತಾರೆ. ಬೇಡಿಕೆ ನೋಡಿ ಬೆಲೆ ಏರಿಸುವ ಪದ್ಧತಿ ಇಲ್ಲಿ ಸಾಮಾನ್ಯ. ಹಾಗಾಗಿ ಆಗಸ್ಟಿನ ಶನಿವಾರ, ಭಾನುವಾರ ಬಿಟ್ಟುಬಿಡಿ. ಶಾಲೆಗೆ ರಜೆ ಇದೆಯಲ್ವಾ, ವಾರದ ಮಧ್ಯದ ಮಧ್ಯಾಹ್ನದ ಆಟ ಸಿಕ್ಕಿದರೆ ಹಿಡಿದುಬಿಡಿ. ಒಂಟಿಯಾಗಿ ಹೋಗುವವನು ಕೊನೆ ಗಳಿಗೆವರೆಗೆ ಕಾಯಬಹುದು, ಎಲ್ಲೋ ಒಂದು ಸೀಟು ಉಳಿದಿರುತ್ತದೆ. ಐದು ಜನ ಪಕ್ಕಪಕ್ಕ ಕೂರಬೇಕಾದರೆ ಕಾಯುವ ಆಟ ನಿಮಗಲ್ಲ.

ಇನ್ನೊಂದು: ಪ್ರತಿ ಆಗಸ್ಟಿನಲ್ಲಿ ಲಂಡನ್ ಥಿಯೇಟರ್‌ಗಳ ‘ಕಿಡ್ಸ್ ವೀಕ್’ ಇರುತ್ತದೆ. ಹೆಸರಿಗೆ ವಾರ, ನಡೆಯುವುದು ಹೆಚ್ಚು ಕಡಿಮೆ ತಿಂಗಳು ಪೂರ್ತಿ. ದೊಡ್ಡವರೊಬ್ಬರು ಪೂರ್ತಿ ಬೆಲೆ ಕೊಟ್ಟರೆ ಒಂದು ಮಗುವಿಗೆ ಉಚಿತ. ಎಲ್ಲ ನಾಟಕವೂ, ಎಲ್ಲ ದಿನವೂ ಇದಕ್ಕೆ ಸೇರುವುದಿಲ್ಲ. ಪಟ್ಟಿ ನೋಡಿಕೊಂಡೇ ಲೆಕ್ಕ ಹಾಕಿ.

ಕ್ರಾಯ್ಡನ್

ಮೇಲಿನ ಮಾತಿಗೆ ಸೇರಿಸುತ್ತೇನೆ. ಥಿಯೇಟರ್‌ನ ಸ್ವಂತ ವೆಬ್‌ಸೈಟ್‌ನಲ್ಲೇ ಬುಕ್ ಮಾಡಿ. ಹುಡುಕಿದಾಗ ಮೊದಲು ಬರುವುದು ಮರುಮಾರಾಟದ ತಾಣಗಳು. ನನ್ನ ತಂಗಿ ಅಂಥ ಒಂದರಲ್ಲಿ ತೆಗೆದುಕೊಂಡಳು. ಮುಖಬೆಲೆಗಿಂತ ಎಷ್ಟೋ ಜಾಸ್ತಿ ಕೊಟ್ಟಳು, ಮೇಲೆ ಕಂಬದ ಹಿಂದಿನ ಸೀಟು. ನಾಟಕ ಮುಗಿಯುತ್ತಿದೆ ಅಂದ ತಕ್ಷಣ ಇವರ ಸುಗ್ಗಿ ಶುರು.

ವಾಟ್‌ಫರ್ಡ್

ಎಲ್ಲರೂ ಹೋಗಿ ಹೋಗಿ ಅನ್ನುತ್ತಿದ್ದಾರೆ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಸಿನಿಮಾ ಬಾಯಿಪಾಠ ಇರುವ ಮಗುವಿಗೇ ಇದರಲ್ಲಿ ತೊಂದರೆ. ನನ್ನ ಮಗ ಎರಡನೇ ಅಂಕದ ತುಂಬಾ ‘ಮಂಜಿನ ರಾಕ್ಷಸ ಎಲ್ಲಿ’ ಅಂತ ಕೇಳಿದ. ಆ ರಾಕ್ಷಸ ಈ ನಾಟಕದಲ್ಲಿ ಇಲ್ಲವೇ ಇಲ್ಲ. ಕಲ್ಲಿನಂತೆ ಉರುಳಿ ಬರುವ ಟ್ರೋಲ್‌ಗಳೂ ಇಲ್ಲ, ಅವರ ಜಾಗದಲ್ಲಿ ‘ಹಿಡನ್ ಫೋಕ್’ ಅಂತ ಬಾಲ ಇರುವ ಕಾಡುಜನ. ಹೊಸ ಹಾಡುಗಳು ಬೇಕಾದಷ್ಟಿವೆ. ಎಲ್ಸಾಗೆ ‘ಮಾನ್‌ಸ್ಟರ್’ ಅಂತ ಒಂದು ಹಾಡಿದೆ. ನನಗೆ ತುಂಬಾ ಹಿಡಿಸಿತು, ಅವನು ಆಕಳಿಸಿದ.

ನಿಮ್ಮ ದುಡ್ಡಿನ ಚಿಂತೆ ನಿಜವಾದದ್ದು. ಇದೇ ಬೀದಿಯಿಂದ ನಡೆದು ಹೋಗುವಷ್ಟು ಹತ್ತಿರ, ಲೈಸಿಯಂ ಥಿಯೇಟರ್‌ನಲ್ಲಿ ‘ಲಯನ್ ಕಿಂಗ್’ 1999ರಿಂದ ನಡೆಯುತ್ತಿದೆ. ಅದಕ್ಕೆ ಕೊನೆ ದಿನದ ಒತ್ತಡ ಇಲ್ಲ. ಮಗಳು ಏಳೆಂಟು ವರ್ಷದವಳಾದಾಗ ನಿಧಾನಕ್ಕೆ ಹೋಗಬಹುದು. ಮುಗಿಯುತ್ತಿದೆ ಅನ್ನುವ ಒಂದೇ ಕಾರಣಕ್ಕೆ ಕೊಳ್ಳಬೇಡಿ ಅಂತ ನನ್ನ ಅಭಿಪ್ರಾಯ.

ಸ್ಲೌ, ಎರಡು ಮಕ್ಕಳ ತಾಯಿ

ಅಯ್ಯೋ, ಏಳೆಂಟು ವರ್ಷಕ್ಕೆ ಎಲ್ಸಾ ಬೇಡವಾಗಿರುತ್ತಾಳೆ! ನಮ್ಮ ದೊಡ್ಡವಳು ಈಗ ಆ ಹಾಡು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಹೋಗುವುದಾದರೆ ಇದೇ ವಯಸ್ಸು. ಮಂಜಿನ ರಾಕ್ಷಸ ಇಲ್ಲ ಅನ್ನುವುದನ್ನು ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ, ಮುಗಿಯಿತು.

ಹ್ಯಾರೋ, ಅತ್ತೆ ಮಾವನನ್ನು ಕರೆದುಕೊಂಡು ಹೋದವಳು

ನಿಮ್ಮ ಪ್ರಶ್ನೆಯಲ್ಲಿ ಮಗುವಿಗಿಂತ ನಿಮ್ಮ ಅಪ್ಪ ಅಮ್ಮನ ಬಗ್ಗೆ ಹೇಳಬೇಕು ಅನ್ನಿಸಿತು. ನಮ್ಮ ಮಾವ ತುಮಕೂರು ಕಡೆಯವರು. ಚಿಕ್ಕಂದಿನಲ್ಲಿ ಕಂಪನಿ ನಾಟಕ ನೋಡಿಕೊಂಡು ಬೆಳೆದವರು. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆ ರಂಗಕ್ಕೆ ಬರುತ್ತಿದ್ದ ಕತೆಯನ್ನು ಅವರ ತಂದೆಯಿಂದ ಕೇಳಿದವರು. ಅವರಿಗೆ ಫ್ರೋಜನ್ ಅಂದರೆ ಏನೂ ಗೊತ್ತಿರಲಿಲ್ಲ. ಕಾರ್ಟೂನು ನಾಟಕಕ್ಕೆ ನನ್ನನ್ನು ಯಾಕೆ ಎಳೆದುಕೊಂಡು ಹೋಗುತ್ತೀರಿ ಅಂತ ಗೊಣಗಿಕೊಂಡೇ ಬಂದರು.

ಒಳಗೆ ಹೋದ ಮೇಲೆ ಮನುಷ್ಯ ಬೇರೆಯೇ ಆದರು. ಕತೆಯ ಕಡೆ ಅವರ ಗಮನವೇ ಇಲ್ಲ. ಸೀನು ಹೇಗೆ ಬದಲಾಯಿತು, ಆ ಸೇತುವೆ ಎಲ್ಲಿಂದ ಬಂತು, ಉಡುಪನ್ನು ಯಾರು ಎಳೆದರು, ಇದೇ ಲೆಕ್ಕಾಚಾರ. ‘ಇದು ಟ್ರಿಕ್ ಸೀನು ಕಣಮ್ಮ’ ಅಂತ ನನ್ನ ಕಿವಿಯಲ್ಲಿ ಹೇಳಿದರು. ಮಂಜಿನ ಮನುಷ್ಯ ಓಲಾಫ್ ಇಲ್ಲಿ ಒಂದು ಗೊಂಬೆ. ಅದನ್ನು ಆಡಿಸುವ ನಟ ಹಿಂದೆಯೇ ನಿಂತಿರುತ್ತಾನೆ, ಬಚ್ಚಿಟ್ಟುಕೊಳ್ಳುವುದಿಲ್ಲ. ಐದು ನಿಮಿಷದಲ್ಲಿ ಆ ನಟ ನಿಮ್ಮ ಕಣ್ಣಿಗೆ ಬೀಳುವುದೇ ನಿಂತುಹೋಗುತ್ತದೆ. ಹಿಮಸಾರಂಗ ಸ್ವೆನ್ ಒಳಗೆ ಒಬ್ಬನೇ ಮನುಷ್ಯ, ಕೈಕಾಲು ಊರಿ ನಾಲ್ಕು ಕಾಲಿನ ಪ್ರಾಣಿಯಂತೆ ನಡೆಯುತ್ತಾನೆ. ಮಾವನಿಗೆ ಎಲ್ಸಾಗಿಂತ ಅವನೇ ಇಷ್ಟ. ಬೆನ್ನು ಏನಾಗುತ್ತದೋ ಪಾಪ ಅಂತ ಮನೆಗೆ ಬರುವವರೆಗೂ ಹೇಳಿದರು.

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಹಿಂದಿನ ರಾತ್ರಿ ಕತೆಯನ್ನು ಕನ್ನಡದಲ್ಲಿ ಹೇಳಿದ್ದೆವು. ಇಬ್ಬರು ಅಕ್ಕ ತಂಗಿ, ಅಕ್ಕನ ಕೈಯಲ್ಲಿ ಮಂಜಿನ ಶಕ್ತಿ, ತಂಗಿಗೆ ಪೆಟ್ಟು, ಬಾಗಿಲು ಮುಚ್ಚಿದ ಅರಮನೆ. ಅಷ್ಟು ಸಾಕಾಯಿತು. ಅಕ್ಕ ಬಾಗಿಲು ತೆರೆಯದೆ ಕೂತಾಗ ಅವರು ಕಣ್ಣೊರೆಸಿಕೊಂಡಿದ್ದು ನೋಡಿದೆ. ಎರಡನೇ ಅಂಕ ಶುರುವಾಗುವುದೇ ಓಕನ್‌ನ ಅಂಗಡಿಯಲ್ಲಿ. ಸೌನಾದಿಂದ (ಬಿಸಿ ಹಬೆಯ ಕೋಣೆ) ಹೊರಬಂದವರು ಮೈಬಣ್ಣದ ಉಡುಪಿನಲ್ಲಿ ಎಲೆ ಅಡ್ಡ ಹಿಡಿದು ಕುಣಿಯುತ್ತಾರೆ. ಅತ್ತೆ ಮೊದಲು ‘ಶಿವಶಿವಾ’ ಅಂದರು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು.

ಮಾತು ಓದಿಕೊಂಡರೆ ಅನುಕೂಲ ಆಗುತ್ತದೆ ಅನ್ನುವ ಹಿರಿಯರಿದ್ದರೆ ಕ್ಯಾಪ್ಷನ್ ಇರುವ (ಮಾತನ್ನು ಬರಹದಲ್ಲಿ ತೋರಿಸುವ) ಆಟ ಉಳಿದಿದೆಯಾ ಅಂತ ಬಾಕ್ಸ್ ಆಫೀಸಿನಲ್ಲಿ ಕೇಳಿ. ಮಂಡಿ ನೋವಿನ ವಿಷಯವನ್ನೂ ಬುಕ್ ಮಾಡುವಾಗಲೇ ಹೇಳಿ. ಮೆಟ್ಟಿಲು ಕಡಿಮೆ ಇರುವ ಸೀಟು ಯಾವುದು ಅಂತ ಅವರೇ ತಿಳಿಸುತ್ತಾರೆ.

ಕೇಂಬ್ರಿಡ್ಜ್

ನನ್ನದು ಸಲಹೆ ಅಲ್ಲ, ಪ್ರಶ್ನೆ. ಇಷ್ಟು ಜನ ಇಷ್ಟಪಟ್ಟರೆ ಮುಚ್ಚುವುದು ಯಾಕೆ?

ಮಿಲ್ಟನ್ ಕೀನ್ಸ್, ನಾಟಕದ ಹುಚ್ಚು ಇರುವವನು

ಲೆಕ್ಕ ಹಾಕಿ ನೋಡಿ. ಅಲ್ಲಿ ಸುಮಾರು 2,000 ಸೀಟು. ವಾರಕ್ಕೆ ಎಂಟು ಆಟ. ಅಂದರೆ ವಾರಕ್ಕೆ ಹತ್ತಿರ ಹತ್ತಿರ 16,000 ಜನ ಬರಬೇಕು. ಮಕ್ಕಳ ನಾಟಕಕ್ಕೆ ರಜೆಯಲ್ಲಿ, ವಾರಾಂತ್ಯದಲ್ಲಿ ಜನ ತುಂಬುತ್ತಾರೆ. ಫೆಬ್ರವರಿಯ ಗುರುವಾರ ರಾತ್ರಿ ಯಾರು ಐದು ವರ್ಷದ ಮಗುವನ್ನು ಕರೆದುಕೊಂಡು ಹೋಗುತ್ತಾರೆ? ಅವತ್ತೂ ನಟರು, ವಾದ್ಯದವರು, ರಂಗದ ಹಿಂದಿನವರು, ಪಾಳಿಯಲ್ಲಿ ಬರುವ ಮಕ್ಕಳ ತಂಡ, ಎಲ್ಲರ ಖರ್ಚೂ ಅಷ್ಟೇ. ಡಿಸ್ನಿಯವರ ಲೆಕ್ಕದ ಪುಸ್ತಕ ನಾನು ನೋಡಿಲ್ಲ, ಇದು ನನ್ನ ಊಹೆ. ಆದರೆ ದೊಡ್ಡ ಥಿಯೇಟರ್ ತುಂಬಿಸುವ ಕಷ್ಟ ಎಲ್ಲ ಕುಟುಂಬ ನಾಟಕಕ್ಕೂ ಇದೆ. ಇದೇ ರಂಗದಲ್ಲಿ ‘ಚಾರ್ಲಿ ಅಂಡ್ ದಿ ಚಾಕೊಲೇಟ್ ಫ್ಯಾಕ್ಟರಿ’ 2013ರಲ್ಲಿ ಶುರುವಾಗಿ 2017ರ ಜನವರಿಗೆ ಮುಗಿಯಿತು. ‘ಮಿಸ್ ಸೈಗಾನ್’ ಹತ್ತು ವರ್ಷ ನಡೆದದ್ದೂ ಇಲ್ಲೇ, 1989ರಿಂದ 1999ರವರೆಗೆ. ಅದು ಮಕ್ಕಳ ನಾಟಕ ಅಲ್ಲ ಅನ್ನಿ.

ಫ್ರೋಜನ್ ಇಲ್ಲಿ 2021ರ ಆಗಸ್ಟಿನಲ್ಲಿ ಶುರುವಾಯಿತು. 60 ಮಿಲಿಯನ್ ಪೌಂಡ್ ಸುರಿದು ಥಿಯೇಟರ್ ನವೀಕರಿಸಿದ ಮೇಲೆ ಬಂದ ಮೊದಲ ದೊಡ್ಡ ನಾಟಕ ಇದೇ. ಕಟ್ಟಡ 1812ರದ್ದು, ಆ ಜಾಗದಲ್ಲಿ ನಾಟಕ ನಡೆಯುತ್ತಿರುವುದು 1663ರಿಂದ. ಅರ್ಧ ಗಂಟೆ ಮೊದಲೇ ಹೋಗಿ, ಮೆಟ್ಟಿಲು ಹತ್ತುವ ದೊಡ್ಡ ಹಜಾರ, ಗುಮ್ಮಟ ನೋಡಿ. ನನಗೆ ಕೇಳಿದರೆ ಟಿಕೆಟಿನ ಕಾಲುಭಾಗ ಅಲ್ಲೇ ವಸೂಲಿ.

ಇಲ್ಲಿನವರಿಗೆ ದಿನಾಂಕ ಗೊತ್ತಾಗಿ ಮುಗಿಯುತ್ತಿದೆ, ಅದೂ ಒಂದು ಪುಣ್ಯ. ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ಇದೇ ನಾಟಕಕ್ಕೆ 2020ರ ಮಾರ್ಚಿನಲ್ಲಿ ಕೋವಿಡ್‌ಗೆ ಬಾಗಿಲು ಹಾಕಿದರು. ಮೇ ತಿಂಗಳಲ್ಲಿ, ಇನ್ನು ತೆರೆಯುವುದಿಲ್ಲ ಅಂತ ಹೇಳಿದರು. ಕೊನೆಯ ಆಟ ಆಡಿದವರಿಗೇ ಅದು ಕೊನೆಯದು ಅಂತ ಗೊತ್ತಿರಲಿಲ್ಲ.

ಬೆಂಗಳೂರು

ಅಜ್ಜ ಅಜ್ಜಿ ಊರಿಗೆ ಬಂದ ಮೇಲೆ ಇಲ್ಲೇ ಇಂಥದ್ದು ನೋಡಬಹುದು ಅಂದುಕೊಂಡಿದ್ದರೆ ಬಿಡಿ. 2023ರಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಬಂದದ್ದು ಮುಂಬೈಗೆ. ಅದನ್ನು ನೋಡಲು ನಾವು ವಿಮಾನ ಹತ್ತಬೇಕಾಯಿತು.

ರೆಡಿಂಗ್, ನಿಮ್ಮ ಊರಿನವನೇ

ಹೋಗುವ ದಾರಿ ಯಾರೂ ಹೇಳಲಿಲ್ಲ. ನಕ್ಷೆಯಲ್ಲಿ ಕೋವೆಂಟ್ ಗಾರ್ಡನ್ ಸ್ಟೇಷನ್ ಹತ್ತಿರ ಅಂತ ಕಾಣುತ್ತದೆ. ಆ ಸ್ಟೇಷನ್ನಿನಲ್ಲಿ ಎಸ್ಕಲೇಟರ್ ಇಲ್ಲ. ಲಿಫ್ಟಿಗೆ ಕಾಯಬೇಕು, ಇಲ್ಲವೇ ಸುತ್ತಿಕೊಂಡು ಹತ್ತುವ 193 ಮೆಟ್ಟಿಲು. ಮಂಡಿ ನೋವಿನವರ ಜೊತೆ ರಜೆಯ ಜನಜಂಗುಳಿಯಲ್ಲಿ ಬೇಡ. ರೆಡಿಂಗ್‌ನಿಂದ ಎಲಿಜಬೆತ್ ಲೈನ್ ಹಿಡಿದು ನೇರ ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ಇಳಿಯಿರಿ. ಲಿಫ್ಟ್ ಇದೆ, ರೈಲು ಬದಲಿಸಬೇಕಿಲ್ಲ. ಅಲ್ಲಿಂದ ಕಾಲು ಗಂಟೆ ನಡಿಗೆ. ಅಪ್ಪನಿಗೆ ಆಗದಿದ್ದರೆ ಅಷ್ಟು ದೂರಕ್ಕೆ ಟ್ಯಾಕ್ಸಿ ಮಾಡಿ. ಊಟ ಮುಗಿಸಿಕೊಂಡೇ ಒಳಗೆ ಹೋಗಿ, ಒಳಗಿನ ಐಸ್‌ಕ್ರೀಮು, ತಂಪು ಪಾನೀಯದ ಬೆಲೆ ಕೇಳಿದರೆ ಎಲ್ಸಾ ಇಲ್ಲದೆಯೇ ಹೆಪ್ಪುಗಟ್ಟುತ್ತೀರಿ.

ಕೇಳಿದವರು: ರೆಡಿಂಗ್‌ನ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಆಗಸ್ಟ್ ಮಧ್ಯದ ಒಂದು ಮಧ್ಯಾಹ್ನದ ಆಟ, ಗ್ರ್ಯಾಂಡ್ ಸರ್ಕಲ್ ಎರಡನೇ ಸಾಲು, ಐದೂ ಒಟ್ಟಿಗೆ ಸಿಕ್ಕಿತು. ಅಪ್ಪನ ಮಂಡಿಯ ವಿಷಯ ಫೋನ್ ಮಾಡಿ ಹೇಳಿದ್ದೇನೆ. ವಾಟ್‌ಫರ್ಡ್‌ನವರೇ, ನಿಮ್ಮ ಮಾತಿನಲ್ಲೂ ನ್ಯಾಯ ಇದೆ, ಆದರೆ ಅಪ್ಪ ಅಮ್ಮ ಪ್ರತಿ ವರ್ಷ ಬರುವುದಿಲ್ಲ. ಕೊನೆಯದಾಗಿ ಒಂದು. ಮಗಳು ಎಲ್ಸಾ ಡ್ರೆಸ್ ಹಾಕಿಕೊಂಡೇ ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಯಾರಾದರೂ ಏನಾದರೂ ಅಂದುಕೊಳ್ಳುತ್ತಾರಾ?

ಸ್ಲೌ, ಎರಡು ಮಕ್ಕಳ ತಾಯಿ

ಅಲ್ಲಿ ಹಾಕದೇ ಬಂದ ಮಗುವೇ ಅಪರೂಪ. ತಲೆಗೆ ಕಿರೀಟ ಮಾತ್ರ ಬೇಡ, ಹಿಂದೆ ಕೂತವರಿಗೆ ಅಡ್ಡ ಬರುತ್ತದೆ. ಮೇಲೊಂದು ಸ್ವೆಟರ್ ಇರಲಿ, ಒಳಗೆ ಎಸಿ ಜೋರು.