ಮೈದನಹಳ್ಳಿಯಲ್ಲಿ ಹ್ಯಾರಿಯರ್: ಹಾರುವಾಗಲೇ ಗುರುತಿಸುವುದು ಹೇಗೆ?

ತುಮಕೂರು_ಬಯಲು: ಜನವರಿಯಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೊರಟಿದ್ದೇವೆ. ಕೃಷ್ಣಮೃಗ ಹೇಗೂ ಕಾಣುತ್ತವೆ, ನಮಗೆ ಬೇಕಿರುವುದು ಹ್ಯಾರಿಯರ್ (ಸೆಳೆವ) ಎಂಬ ಬೇಟೆಹಕ್ಕಿ. ಅದರ ಜಾತಿಗಳಲ್ಲಿ ಮಾಂಟಗು ಯಾವುದು, ಪ್ಯಾಲಿಡ್ ಯಾವುದು? ಎಷ್ಟು ಹೊತ್ತಿಗೆ ಹೋಗಬೇಕು? 8×42 ದುರ್ಬೀನು, 100-400 ಲೆನ್ಸ್ ಇದೆ.

ಹುಲ್ಲುಗಾವಲು: ಮೊದಲು ಹದ್ದಿನಿಂದ ಬೇರ್ಪಡಿಸಿ. ಹ್ಯಾರಿಯರ್ ಹುಲ್ಲಿನ ಮೇಲೆ ಆಳೆತ್ತರದಲ್ಲಿ, ರೆಕ್ಕೆ ಮೇಲಕ್ಕೆತ್ತಿ ತೇಲುತ್ತದೆ. ಹದ್ದಿನ ರೆಕ್ಕೆ ಚಪ್ಪಟೆ, ಬಾಲ ಕವಲು.

ಗಂಡಾದರೆ ಸುಲಭ. ಮಾಂಟಗುವಿಗೆ ರೆಕ್ಕೆಯ ಮೇಲ್ಭಾಗದಲ್ಲಿ ಒಂದು ಕಪ್ಪು ಗೆರೆ, ಹೊಟ್ಟೆಯ ಮೇಲೆ ಕಂದು ಗೀರುಗಳು. ಪ್ಯಾಲಿಡ್ ತೀರಾ ತಿಳಿ ಬೂದು, ಗೆರೆಯೇ ಇಲ್ಲ, ರೆಕ್ಕೆ ತುದಿಯಲ್ಲಿ ಸಣ್ಣ ಕಪ್ಪು ಬೆಣೆ ಮಾತ್ರ.

ತುಮಕೂರು_ಬಯಲು: ಹೆಣ್ಣು?

ಹುಲ್ಲುಗಾವಲು: ಎಡವುವುದೇ ಅಲ್ಲಿ. ಎರಡೂ ಕಂದು, ಎರಡಕ್ಕೂ ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಆ ಪಟ್ಟಿ ನೋಡಿ ಹೆಸರು ಬರೆಯಬೇಡಿ, ಕೆನ್ನೆ ನೋಡಿ. ಕಿವಿಯ ಕಪ್ಪು ಮಚ್ಚೆಯ ಹಿಂದೆ ತಿಳಿ ಬಣ್ಣದ ಕೊರಳಪಟ್ಟಿ ಸ್ಪಷ್ಟವಾಗಿದ್ದರೆ ಪ್ಯಾಲಿಡ್. ಕೆನ್ನೆ ಕಾಣದಿದ್ದರೆ 'ಮಾಂಟಗು ಅಥವಾ ಪ್ಯಾಲಿಡ್' ಎಂದೇ ದಾಖಲಿಸಿ. ತಪ್ಪು ಹೆಸರಿಗಿಂತ ಅದು ಎಷ್ಟೋ ಮೇಲು.

ಕೆರೆ_ಏರಿ: ಜನವರಿಯಲ್ಲಿ ಸೂರ್ಯೋದಯ 6.45ರ ಆಸುಪಾಸು, ಅಷ್ಟರಲ್ಲಿ ಅಲ್ಲಿರಿ. ಬಿಸಿಲೇರಿದ ಮೇಲೆ ನೆಲದ ಬಿಸಿಗಾಳಿ ಅಲೆಯಾಡುತ್ತದೆ, ಎಷ್ಟು ಒಳ್ಳೆಯ ಲೆನ್ಸ್ ಇದ್ದರೂ ದೂರದ ಚಿತ್ರ ಕಲಸಿಹೋಗುತ್ತದೆ. ಫೋಕಸ್ ಕೆಟ್ಟಿದೆ ಅಂತ ಕ್ಯಾಮೆರಾ ರಿಪೇರಿಗೆ ಕೊಡಬೇಡಿ! ಸಂಜೆ 4.30ರ ನಂತರ ಮತ್ತೆ ಒಳ್ಳೆಯ ಹೊತ್ತು.

ಕ್ಯಾಮೆರಾದಲ್ಲಿ ಶಟರ್ 1/2000 ಸೆಕೆಂಡ್, ಐಎಸ್ಒ ಆಟೋ. ಬಿಳಿಚು ಗಂಡು ಒಣಹುಲ್ಲಿನ ಮುಂದೆ ಹಾರುವಾಗ ಎಕ್ಸ್‌ಪೋಶರ್ ಮೂರನೇ ಎರಡು ಸ್ಟಾಪ್ (ಬೆಳಕಿನ ಅಳತೆ) ಇಳಿಸಿ, ಇಲ್ಲದಿದ್ದರೆ ರೆಕ್ಕೆಯ ವಿವರ ಸುಟ್ಟುಹೋಗುತ್ತದೆ. ಆಕಾಶದ ಮುಂದಾದರೆ ಒಂದು ಸ್ಟಾಪ್ ಏರಿಸಿ.

ಸಿರಾ_ದಾರಿ: ಒಂದು ಮಾತು, ದಯವಿಟ್ಟು. ಹ್ಯಾರಿಯರ್ ರಾತ್ರಿ ಮರದಲ್ಲಲ್ಲ, ನೆಲದ ಮೇಲೆ ಹುಲ್ಲಿನ ನಡುವೆ ಗುಂಪಾಗಿ ತಂಗುತ್ತವೆ. ಸಂಜೆ ಸುತ್ತಾಡಿ ಒಂದೊಂದಾಗಿ ಇಳಿಯುವ ಜಾಗ ಕಂಡರೆ ಅಲ್ಲೇ ನಿಂತುಬಿಡಿ, ಹತ್ತಿರ ಹೋಗಬೇಡಿ, ಆ ಜಾಗವನ್ನು ವಾಟ್ಸಾಪ್‌ನಂಥ ಗುಂಪುಗಳಲ್ಲಿ ಹಾಕಲೂಬೇಡಿ. ಗಾಡಿಯನ್ನು ದಾರಿ ಬಿಟ್ಟು ಹುಲ್ಲಿಗೆ ಇಳಿಸಬಾರದು, ನೆಲಗುಬ್ಬಿ, ಗೌಜಲುಗಳ ಮೊಟ್ಟೆಯೂ ನೆಲದಲ್ಲೇ ಇರುತ್ತವೆ. ಕೃಷ್ಣಮೃಗದ ಹಿಂಡು ಮೇಯುವುದು ಬಿಟ್ಟು ಒಟ್ಟಿಗೆ ತಲೆಯೆತ್ತಿ ನಿಮ್ಮತ್ತ ನೋಡಿದರೆ ನೀವು ಆಗಲೇ ಹತ್ತಿರವಾಗಿದ್ದೀರಿ, ನಿಂತು ನಿಧಾನಕ್ಕೆ ಹಿಂದೆ ಸರಿಯಿರಿ. ಸಂರಕ್ಷಿತ ಪ್ರದೇಶವಾದ್ದರಿಂದ ಹೊರಡುವ ಮೊದಲು ಮಧುಗಿರಿ ಅರಣ್ಯ ಇಲಾಖೆಯ ಕಚೇರಿಯಲ್ಲಿ ಪ್ರವೇಶದ ವಿಷಯ ಕೇಳಿಕೊಳ್ಳಿ.