ಇಬ್ಬರು ಹುಡುಗಿಯರ ಪ್ರೀತಿ ಕತೆ ಸುಖವಾಗಿ ಮುಗಿದ್ರೆ ಅದು ಸುಳ್ಳಾಗುತ್ತಾ?

ಡೊಂಬಿವಲಿಯವಳು:

ಎಲ್ರಿಗೂ ನಮಸ್ಕಾರ. ಹದಿನೈದರಿಂದ ಹದಿನೆಂಟರ ಒಳಗಿನ ಮಕ್ಕಳು ಓದೋ ಥರದ ಒಂದು ಕಾದಂಬರಿ ಬರೀತಿದೀನಿ, ಕನ್ನಡದಲ್ಲೇ. ಸ್ಮಿತಾ ಅಂತ ಹುಡುಗಿ, ಅಪ್ಪ ಹೋಟೆಲ್ ಗಲ್ಲಾದಲ್ಲಿ ಕೂರೋರು, ಮುಂಬೈ ಹತ್ತಿರದ ಡೊಂಬಿವಲಿ ಈಸ್ಟ್‌ನಲ್ಲಿ ಒನ್ ಬಿಎಚ್‌ಕೆ, ಅಜ್ಜಿ ತಮ್ಮ ಎಲ್ಲಾ ಸೇರಿ ಐದು ಜನ. ಇಲೆವೆಂತ್‌ಗೆ ಠಾಣೆಯ ಕಾಲೇಜಿಗೆ ಸೇರ್ತಾಳೆ, ಅಲ್ಲಿ ಗೌರಿ ಅಂತ ಮರಾಠಿ ಹುಡುಗಿ ಫ್ರೆಂಡ್ ಆಗ್ತಾಳೆ. ಬೆಳಿಗ್ಗೆ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ ಕಾಲಿಡೋಕೂ ಜಾಗ ಇರಲ್ಲ, ಸ್ಮಿತಾ ಕುಳ್ಳಿ, ಮೇಲಿನ ಹಿಡಿಕೆ ಕೈಗೆಟುಕಲ್ಲ, ಅದಕ್ಕೆ ದಿನಾ ಗೌರಿ ಬ್ಯಾಗಿನ ಪಟ್ಟಿ ಹಿಡ್ಕೊಂಡು ನಿಲ್ತಾಳೆ. ಒಂದಿನ ದಿವಾ ಸ್ಟೇಷನ್ ದಾಟಿದ ಮೇಲೆ ಗೌರಿ ಬ್ಯಾಗನ್ನ ಮುಂದಕ್ಕೆ ಹಾಕ್ಕೊಂಡು ಕೈಯನ್ನೇ ಕೊಡ್ತಾಳೆ. ಮುಂಬ್ರಾ, ಕಳವಾ, ಠಾಣೆ ಬಂದು ಇಳಿಯೋವರೆಗೂ ಇಬ್ರೂ ಒಂದು ಮಾತಾಡಲ್ಲ. ಕತೆ ಶುರು ಆಗೋದೇ ಅಲ್ಲಿಂದ.

ಕೊನೇಲಿ ಇಬ್ರೂ ಜೊತೆಯಾಗೇ ಇರ್ತಾರೆ. ಅಮ್ಮ ಪೂರ್ತಿ ಒಪ್ಪಿರಲ್ಲ, ಆದ್ರೆ ಗೌರಿ ಮನೆಗೆ ಬಂದಾಗ ಅವಳಿಗೂ ತಟ್ಟೆ ಹಾಕ್ತಾಳೆ. ಇಲ್ಲಿನ ಒಂದು ಓದುಗರ ಬಳಗದಲ್ಲಿ ಇದನ್ನ ಓದಿದಾಗ ಹಿರಿಯರೊಬ್ರು, ಬರವಣಿಗೆ ಚೆನ್ನಾಗಿದೆ ಆದ್ರೆ ಕೊನೆ ಸುಳ್ಳು, ನಮ್ಮ ಸಮಾಜದಲ್ಲಿ ಹೀಗೆ ಆಗಲ್ಲ, ಒಬ್ಬಳು ಸಾಯಬೇಕು ಇಲ್ಲಾ ಒಬ್ಬಳ ಮದುವೆ ಆಗಿಬಿಡಬೇಕು, ಆಗ ಓದುಗನ ಮನಸ್ಸು ಕಲಕುತ್ತೆ ಅಂದ್ರು. ಉಳಿದೋರೂ ತಲೆಯಾಡಿಸಿದ್ರು. ನಂಗೆ ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ. ಹುಡುಗ ಹುಡುಗಿ ಪ್ರೇಮಕತೆ ಸುಖವಾಗಿ ಮುಗಿದ್ರೆ ಸುಳ್ಳು ಅಂತ ಯಾರೂ ಅನ್ನಲ್ವಲ್ಲ. ನಿಮಗೆ ಏನನ್ಸುತ್ತೆ? ಮತ್ತೆ ಇಂಥದ್ದು ನಮ್ಮ ಕಡೆ ಯಾರಾದ್ರೂ ಬರ್ದಿದಾರಾ?

ಮಾಟುಂಗಾದ ಓದುಗ:

ಕೊನೆ ಬದಲಿಸ್ಬೇಡಿ ಮಾರಾಯ್ರೆ. ನಿಮ್ಮ ಬಳಗದವರು ಹೇಳಿದ ಮಾತು ಹೊಸತೇನೂ ಅಲ್ಲ, ಅಮೆರಿಕದಲ್ಲಿಯೂ ಹಾಗೇ ಇತ್ತು. ಹದಿಹರೆಯದವರಿಗೆ ಬರೆದ ಪುಸ್ತಕದಲ್ಲಿ ಇಬ್ಬರು ಹುಡುಗರ ನಡುವಿನ ಒಲವು ಮೊದಲು ಬಂದದ್ದು 1969ರಲ್ಲಿ ಅಂತ ಸಾಮಾನ್ಯವಾಗಿ ಹೇಳ್ತಾರೆ, ಜಾನ್ ಡೊನೊವನ್ ಬರೆದದ್ದು. ಅದರಲ್ಲಿ ಹುಡುಗನ ನಾಯಿ ಕಾರಿಗೆ ಸಿಕ್ಕಿ ಸಾಯ್ತದೆ, ತಾನು ಮಾಡಿದ್ದಕ್ಕೇ ಹೀಗಾಯ್ತು ಅಂತ ಅವನು ತಿಳ್ಕೊಳ್ತಾನೆ. ಆಮೇಲೆ ಬಂದ ಎಷ್ಟೋ ಪುಸ್ತಕಗಳಲ್ಲಿಯೂ ಇದೇ ಕತೆ, ಯಾರಾದರೊಬ್ಬರಿಗೆ ಆಕ್ಸಿಡೆಂಟು, ಇಲ್ಲದಿದ್ದರೆ ಸಾವು. 1982ರಲ್ಲಿ ನ್ಯಾನ್ಸಿ ಗಾರ್ಡನ್ ಅವರ "ಆನಿ ಆನ್ ಮೈ ಮೈಂಡ್" ಬಂತು, ಹದಿನೇಳರ ಇಬ್ಬರು ಹುಡುಗಿಯರು, ಕಷ್ಟ ಎಲ್ಲಾ ಉಂಟು ಆದರೆ ಕೊನೆಗೆ ಇಬ್ಬರೂ ಒಬ್ಬರಿಗೊಬ್ಬರು ಸಿಗ್ತಾರೆ. ಅದನ್ನು 1993ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಎಲ್ಲರೆದುರೇ ಸುಟ್ಟರು, ಅಲ್ಲೇ ಹತ್ತಿರದ ಒಲೇಥ ಅನ್ನುವ ಊರಲ್ಲಿ ಶಾಲೆಗಳ ಲೈಬ್ರರಿಯಿಂದ ತೆಗೆಸಿದರು, ಮಕ್ಕಳೂ ಪೋಷಕರೂ ಕೋರ್ಟಿಗೆ ಹೋಗಿ 1995ರಲ್ಲಿ ಗೆದ್ದು ಪುಸ್ತಕ ವಾಪಸ್ ಶೆಲ್ಫಿಗೆ ಬಂತು. ಸುಖವಾಗಿ ಮುಗಿದ ಕತೆಯ ಮೇಲೇ ಅಷ್ಟು ಸಿಟ್ಟು ಬಂತು ನೋಡಿ.

ನಮ್ಮ ಕಡೆ ಅಂದರೆ ವಸುಧೇಂದ್ರರ "ಮೋಹನಸ್ವಾಮಿ" (2013) ಇದ್ದೇ ಇದೆ, ಆದರೆ ಅದು ದೊಡ್ಡವರಿಗೆ. ಮರಾಠಿಯಲ್ಲಿ ಸಚಿನ್ ಕುಂಡಲ್ಕರ್ 2006ರಲ್ಲಿ ಬರೆದ "ಕೋಬಾಲ್ಟ್ ಬ್ಲೂ" ಓದಿ. ಪುಣೆಯ ಒಂದು ಮನೆ, ಬಾಡಿಗೆಗೆ ಬಂದ ಒಬ್ಬನ ಮೇಲೆ ಅಣ್ಣನಿಗೂ ಪ್ರೀತಿ, ತಂಗಿಗೂ ಪ್ರೀತಿ, ಮೊದಲರ್ಧ ಅವನು ಹೇಳ್ತಾನೆ, ಉಳಿದರ್ಧ ಅವಳು. ಇಂಗ್ಲಿಷಿನಲ್ಲಿ ಭಾರತದ ಶಾಲೆ ಮಕ್ಕಳ ಕತೆ ಬೇಕಾದರೆ ಹಿಮಾಂಜಲಿ ಶಂಕರ್ ಅವರ "ಟಾಕಿಂಗ್ ಆಫ್ ಮುಸ್ಕಾನ್" (2014) ಉಂಟು, ಆದರೆ ಅದು ಶುರುವಾಗುವುದೇ ಆ ಹುಡುಗಿ ಸಾಯಲಿಕ್ಕೆ ಹೋದ ಸುದ್ದಿಯಿಂದ. ಒಳ್ಳೆ ಪುಸ್ತಕವೇ. ಆದರೂ ಒಂದು ಮಗು ಕೈಗೆತ್ತಿಕೊಳ್ಳುವ ಮೊದಲನೇ ಪುಸ್ತಕ ಅದೇ ಆಗಬೇಕು ಅಂತ ನನಗೆ ಅನ್ನಿಸುವುದಿಲ್ಲ.

ಐರೋಲಿ ಅಪ್ಪ:

ನಂದು ಸ್ವಲ್ಪ ಬೇರೆ ಅಭಿಪ್ರಾಯ, ತಪ್ಪು ತಿಳ್ಕೋಬೇಡಿ ಅಕ್ಕ. 2018 ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು 377ನೇ ಸೆಕ್ಷನ್ ವಿಷಯದಲ್ಲಿ, ವಯಸ್ಕರ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಾಗ ನಂಗೂ ಖುಷಿಯಾಗಿತ್ತು. ಆದ್ರೆ 2023 ಅಕ್ಟೋಬರ್ 17ಕ್ಕೆ ಅದೇ ಕೋರ್ಟು ಮದುವೆ ಹಕ್ಕು ಕೊಡೋಕಾಗಲ್ಲ, ಅದು ಪಾರ್ಲಿಮೆಂಟಿನ ಕೆಲಸ ಅಂದುಬಿಡ್ತು. ಹಂಗಿರುವಾಗ ಹದಿನಾರರ ಹುಡುಗೀರಿಗೆ ಎಲ್ಲಾ ಸರಿಹೋಗುತ್ತೆ ಅಂತ ತೋರಿಸಿದ್ರೆ ನಾಳೆ ಮನೇಲಿ ಧೈರ್ಯ ಮಾಡಿ ಹೇಳಿ ಹೊಡೆತ ತಿಂದ್ರೆ ಯಾರು ಹೊಣೆ? ನಂಗೂ ಆ ವಯಸ್ಸಿನ ಮಗಳಿದಾಳೆ, ಅದಕ್ಕೇ ಕೇಳ್ತಿರೋದು.

ವಾಸ್ಕೋ ಹುಡುಗ:

ಐರೋಲಿ ಸರ್, ನಿಮ್ಮ ಭಯ ಅರ್ಥ ಆಗುತ್ತೆ, ಆದ್ರೆ ಅದಕ್ಕೆ ಉತ್ತರ ಹುಡುಗೀನ ಸಾಯ್ಸೋದಲ್ಲ. ನಾನು ಗೇ, ಹುಟ್ಟಿ ಬೆಳೆದಿದ್ದು ಗೋವಾದ ಝುವಾರಿನಗರದಲ್ಲಿ, ಮನೇಲಿ ಕನ್ನಡ, ಗಲ್ಲೀಲಿ ಕೊಂಕಣಿ ಹಿಂದಿ. ಶಾಲೆಯಲ್ಲಿದ್ದಾಗ ನಾನು ಓದಿದ ಕತೆ ನೋಡಿದ ಸಿನಿಮಾ ಎಲ್ಲಾದ್ರಲ್ಲೂ ನಮ್ಮಂಥೋನು ಒಂದೋ ನಗೋಕೆ ಇರ್ತಿದ್ದ ಇಲ್ಲಾ ಸಾಯ್ತಿದ್ದ, ಹಂಗಾಗಿ ನಂಗೂ ಇಪ್ಪತ್ತೈದರ ಮುಂದೆ ಏನೂ ಇಲ್ಲ ಅಂತಾನೇ ಅನ್ಕೊಂಡಿದ್ದೆ. ಈಗ ಕೆಲ್ಸ ಇದೆ, ಜೊತೇಲಿ ಒಬ್ಬ ಇದಾನೆ, ಭಾನುವಾರ ಮೀನು ತರೋಕೆ ಯಾರು ಹೋಗ್ಬೇಕು ಅಂತ ಜಗಳ ಆಡ್ತೀವಿ. ಇದು ಸುಳ್ಳಾ? ಇದನ್ನ ಯಾರಾದ್ರೂ ಕನ್ನಡದಲ್ಲಿ ಆಗಲೇ ಬರ್ದಿದ್ರೆ ನಂಗೆ ಎಷ್ಟು ವರ್ಷದ ಹೆದರಿಕೆ ಉಳೀತಿತ್ತು.

ಮದುವೆ ಕಾನೂನು ಇಲ್ಲ, ನಿಜ. ಆದ್ರೆ ಇಲೆವೆಂತ್ ಹುಡುಗೀರಿಗೆ ಮದುವೆ ಯಾಕೆ ಬೇಕು, ಟ್ವೆಲ್ತ್ ಬೋರ್ಡ್ ಎಕ್ಸಾಮ್‌ವರೆಗೆ ಜೊತೆಗಿದ್ರೆ ಆ ವಯಸ್ಸಿಗೆ ಅದೇ ಸುಖವಾದ ಕೊನೆ.

ಅಕ್ಕ, ನಿಮ್ಮ ಟ್ರೇನ್ ಸೀನ್ ಓದಿ ಮೈ ಜುಂ ಅಂತು, ಯಾಕೆ ಅಂತ ಹೇಳ್ತೀನಿ. ಇಬ್ರು ಶಾಲೆ ಹುಡುಗರ ಪ್ರೀತಿಯ ಇಂಗ್ಲಿಷ್ ಕಾಮಿಕ್ಸ್ "ಹಾರ್ಟ್‌ಸ್ಟಾಪರ್" ನಂಗೆ ತುಂಬಾ ಇಷ್ಟ, ಆದ್ರೆ ಅಲ್ಲಿ ಚಾರ್ಲಿಗೂ ನಿಕ್‌ಗೂ ಅವರವರದೇ ರೂಮು, ಬಾಗಿಲು ಹಾಕ್ಕೊಂಡು ಕೂತು ಮಾತಾಡ್ಬೋದು, ಅಳಬೋದು. ನಮ್ಮನೇಲಿ ಒಂದೇ ರೂಮು, ಫೋನೂ ಅಪ್ಪಂದು, ರಾತ್ರಿ ಮೆಸೇಜ್ ಬಂದ್ರೆ ಮೊದ್ಲು ಓದೋನು ಅಪ್ಪ. ಹಂಗಾಗಿ ನಮ್ಮ ಪ್ರೀತಿಯೆಲ್ಲಾ ಹೊರಗೇ ನಡೆದಿದ್ದು, ಬಸ್ಸಲ್ಲಿ, ಟ್ಯೂಷನ್ ಕ್ಲಾಸ್ ಮೆಟ್ಟಿಲ ಮೇಲೆ, ಬಾಯ್ನಾ ಬೀಚಲ್ಲಿ ಎಲ್ಲರ ಕಣ್ಣೆದುರಿಗೇನೇ. ಗಂಡು ಹುಡುಗರು ಹೆಗಲ ಮೇಲೆ ಕೈ ಹಾಕ್ಕೊಂಡು ಓಡಾಡಿದ್ರೆ ನಮ್ಮಲ್ಲಿ ಯಾರೂ ಏನೂ ಅನ್ನಲ್ಲ, ಅದೊಂದು ಅನುಕೂಲ, ಆದ್ರೆ ಹೆಗಲ ಮೇಲಿನ ಕೈ ನಿಜವಾಗ್ಲೂ ಏನು ಹೇಳ್ತಿದೆ ಅಂತ ಅವನಿಗಾದ್ರೂ ಗೊತ್ತಾ ಅನ್ನೋ ಸಂಕಟ ಬೇರೆ. ಇಂಗ್ಲಿಷ್ ಪುಸ್ತಕದಲ್ಲಿ ಇಲ್ಲದೇ ಇರೋದು ಇದು. ಅದನ್ನ ದಯವಿಟ್ಟು ಇನ್ನೂ ಉದ್ದ ಬರೀರಿ.

ಕೋಥ್ರೂಡ್ ಧಾರವಾಡದಾಕಿ:

ನಾ ಪುಣ್ಯಾದಾಗ ಶಾಲಿ ಕೌನ್ಸೆಲರ್ ಅದೀನ್ರಿ, ಅದಕ್ಕ ಒಂದೆರಡು ಮಾತು ಹೇಳ್ತೀನಿ. ಐರೋಲಿಯವರು ಕೇಳಿದ್ದು ಸರಿ ಐತಿ, ಮನ್ಯಾಗ ಹೇಳೂದು ಎಲ್ಲಾ ಹುಡುಗರಿಗೂ ಸುರಕ್ಷಿತ ಅಲ್ಲ. ಆದ್ರ ಅದನ್ನೂ ಕತಿಯೊಳಗೇ ತರಬಹುದಲ್ರಿ. ಸ್ಮಿತಾ ಮೊದಲು ಅವ್ವಗ ಹೇಳಬಾರದು, ಒಬ್ಬ ನಂಬಿಗಸ್ತ ಮಂದಿಗೆ ಹೇಳ್ಲಿ, ಅತ್ತಿ ಇರಬಹುದು ಟೀಚರ್ ಇರಬಹುದು, ಸದ್ಯಕ್ಕ ಯಾರಿಗೂ ಹೇಳೂದಿಲ್ಲ ಅಂತ ತಾನ ತೀರ್ಮಾನ ಮಾಡ್ಲಿ. ಹೇಳಲಾರದನೂ ಪ್ರೀತಿ ಖರೇನ ಇರತೈತಿ ಅನ್ನೂದು ಹುಡುಗರಿಗೆ ತಿಳೀಬೇಕು. ಇಂಥಾ ಪುಸ್ತಕದಾಗೆಲ್ಲಾ ಮನೀ ಮಂದಿ ಮುಂದ ಹೇಳೂದ ದೊಡ್ಡ ಸೀನ್ ಆಗಿಬಿಟ್ಟೈತಿ, ನನಗ ಅದು ಸೇರೂದಿಲ್ಲ.

ಇನ್ನೊಂದು. ಅವ್ವ ಹುಡುಗೀನ ಡಾಕ್ಟರ್ ಕಡೆ ಕರಕೊಂಡು ಹೋಗೂ ಸೀನ್ ಹಾಕೂದಿದ್ರ ಭಾಳ ಜ್ವಾಕಿ. ಇದು ರೋಗ ಅಲ್ಲ, ಜಾಗತಿಕ ಆರೋಗ್ಯ ಸಂಸ್ಥೆ 1990ರಾಗ ರೋಗದ ಪಟ್ಟಿಯಿಂದ ಇದನ್ನ ತಗದೈತಿ. "ಸರಿ ಮಾಡ್ತೀನಿ" ಅಂತ ಚಿಕಿತ್ಸಾ ಕೊಡೂದು ವೃತ್ತಿ ದುರ್ನಡತೆ ಅಂತ ನಮ್ಮ ನ್ಯಾಷನಲ್ ಮೆಡಿಕಲ್ ಕಮಿಷನ್ನೂ 2022ರಾಗ ರಾಜ್ಯ ಮೆಡಿಕಲ್ ಕೌನ್ಸಿಲ್‌ಗಳಿಗೆ ತಿಳಿಸೈತಿ, ಅದಕ್ಕ ಮೊದಲು ಮದ್ರಾಸ್ ಹೈಕೋರ್ಟ್ ಆದೇಶ ಇತ್ತು. ಅಲ್ಲಿ ಡಾಕ್ಟರ್ ಬಾಯಿಂದ "ನಿಮ್ಮ ಮಗಳಿಗೆ ಏನೂ ಆಗಿಲ್ರಿ, ನಿಮಗ ಭಯ ಆಗೈತಿ, ನಿಮ್ಮ ಜೋಡಿ ಮಾತಾಡೂಣು" ಅನಸ್ರಿ. ಒಬ್ಬಾಕಿ ಹುಡುಗಿ ಅದನ್ನ ಓದಿ ಇಟ್ಟಕೊಂಡ್ರೂ ಸಾಕು.

ಡೊಂಬಿವಲಿಯವಳು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಒಂದೊಂದೂ ಎರಡೆರಡು ಸಲ ಓದಿದೆ. ಕೊನೆ ಬದಲಿಸಲ್ಲ. ವಾಸ್ಕೋ ತಮ್ಮಾ, ನೀನು ಹೇಳಿದ ಮೇಲೆ ಒಂದು ಹೊಳೀತು, ಸ್ಮಿತಾಗೂ ಸ್ವಂತ ಫೋನ್ ಬೇಡ. ಕೆಮಿಸ್ಟ್ರಿ ಜರ್ನಲ್, ಅಂದ್ರೆ ಲ್ಯಾಬ್ ರೆಕಾರ್ಡ್ ಪುಸ್ತಕ, ಇಬ್ರೂ ಅದಲು ಬದಲು ಮಾಡ್ಕೊಳ್ತಾರಲ್ಲ, ಗೌರಿ ಅದರ ಹಿಂದಿನ ಪುಟದಲ್ಲಿ ಪೆನ್ಸಿಲಲ್ಲಿ ಬರೀತಾಳೆ, ಸ್ಮಿತಾ ಓದಿ ರಬ್ಬರಲ್ಲಿ ಉಜ್ಜಿ ಅದೇ ಜಾಗದಲ್ಲಿ ಉತ್ತರ ಬರೀತಾಳೆ, ಸಬ್ಮಿಷನ್ ಹೊತ್ತಿಗೆ ಆ ಪುಟ ತೆಳ್ಳಗಾಗಿ ಹರಿಯೋ ಹಂಗಾಗಿರುತ್ತೆ. ಧಾರವಾಡದ ಅಕ್ಕ, ಡಾಕ್ಟರ್ ಸೀನ್ ಹಾಕ್ತೀನಿ, ಬರೆದ ಮೇಲೆ ನಿಮಗೇ ಮೊದಲು ಕಳಿಸ್ತೀನಿ. ಐರೋಲಿ ಸರ್, ಮನೇಲಿ ಹೇಳದೇ ಇರೋ ಭಾಗ ನಿಮ್ಮ ಮಾತಿಂದಲೇ ಸೇರ್ತಿದೆ.

ಒಂದು ಸಹಾಯ ಬೇಕು. ದೊಡ್ಡವರ ಅಭಿಪ್ರಾಯ ಸಾಕಷ್ಟು ಸಿಕ್ಕಿತು, ಕನ್ನಡ ಓದೋ ಹದಿನಾರು ಹದಿನೇಳರ ಮಕ್ಕಳು ಯಾರ ಮನೇಲಾದ್ರೂ ಇದ್ರೆ ಮೊದಲ ಮೂರು ಅಧ್ಯಾಯ ಓದಿ ಎಲ್ಲಿ ಬೋರ್ ಆಯ್ತು ಅಂತ ಹೇಳಿಸ್ತೀರಾ?

ಐರೋಲಿ ಅಪ್ಪ:

ಕಳಿಸಿ ಅಕ್ಕ. ಮೊದ್ಲು ನಾನು ಓದ್ತೀನಿ, ಆಮೇಲೆ ಮಗಳಿಗೆ ಕೊಡ್ತೀನಿ. ಅವಳು ಕನ್ನಡ ನಿಧಾನಕ್ಕೆ ಓದ್ತಾಳೆ, ಸ್ವಲ್ಪ ದೊಡ್ಡ ಅಕ್ಷರದಲ್ಲಿ ಪಿಡಿಎಫ್ ಮಾಡಿ.